ವಾಡಿಯಲ್ಲಿ ಇಳಿದ ಆಕ್ಟೋಪಸ್

ವಿದ್ಯಾರ್ಥಿಗಳು ನನಗೆ ಇಟ್ಟಿದ್ದ ಹೆಸರು ‘ಫಿಕರ್ ಮೇಡಂ’. ನನ್ನೆದುರು ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ನನಗೆ ಗೊತ್ತಿತ್ತು. ಗ್ಯಾಸ್ ಆರಿಸಿದಿರಾ, ಫಾರ್ಮಾಲಿನ್ ಜಾಡಿಯ ಮುಚ್ಚಳ ಬಿಗಿಯಾಗಿದೆಯಾ, ಬ್ಲೇಡು ಯಾರ ಕೈಯಲ್ಲಿದೆ ಎಂದು ದಿನವಿಡೀ ಚಿಂತೆ ಮಾಡಿ ಕೇಳುವವಳಿಗೆ ಇನ್ನೇನು ಹೆಸರಿಟ್ಟಾರು? ಸೇಡಂ, ಚಿಂಚೋಳಿ, ಚಿತ್ತಾಪುರ, ಕೊನೆಗೆ ಶಹಾಬಾದ್ ಎಂದು ವರ್ಗವಾಗುತ್ತ ಪ್ರಾಣಿಶಾಸ್ತ್ರ ಕಲಿಸಿ ಈಗ ಮನೆಯಲ್ಲಿ ಕುಳಿತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಆಗಾಗ ಫೋನ್ ಮಾಡಿ, ಪಾಠ ಸಮಯಕ್ಕೆ ಸರಿಯಾಗಿ ಮುಗಿಸುವುದು ಹೇಗೆ ಎಂದು ಕೇಳುತ್ತಾರೆ. ಕೇಳುವುದು ತಪ್ಪಲ್ಲ, ಆದರೆ ನನ್ನನ್ನು ಕೇಳುತ್ತಾರಲ್ಲ! ನಾನು ಒಂದು ವರ್ಷವೂ ನೆಮ್ಮದಿಯಿಂದ ಪಾಠ ಮುಗಿಸಿದವಳಲ್ಲ. ಏನು ಕೆಟ್ಟಿತು, ಏನು ಉಳಿಯಿತು ಎನ್ನುವುದನ್ನು ಬೇಕಾದರೆ ಹೇಳಬಲ್ಲೆ.

ನಮ್ಮ ಕಡೆ ಪ್ರಾಣಿಶಾಸ್ತ್ರ ಕಲಿಸುವವರ ಮೊದಲ ಕಷ್ಟ ಸಮುದ್ರ. ಪುಸ್ತಕದ ಅರ್ಧ ಪ್ರಾಣಿಗಳು ಅಲ್ಲಿಯವು. ನಮ್ಮ ಮಕ್ಕಳು ಕಂಡ ದೊಡ್ಡ ನೀರೆಂದರೆ ಮಳೆಗಾಲದ ಕಾಗಿಣಾ ಹೊಳೆ. ಚಿಂಚೋಳಿಯಲ್ಲಿದ್ದಾಗ ಆಕ್ಟೋಪಸ್ಸಿನ ಒಂದು ಬಟ್ಟೆಯ ಪಟ ಇತ್ತು. ಮೇಲಿನ ಕೋಲು ಮುರಿದು, ಯಾವ ಕಾಲದಲ್ಲೋ ಯಾರೋ ಕೆಳಗಿನ ಕೋಲಿಗೆ ದಾರ ಕಟ್ಟಿ ಅದನ್ನು ತಲೆಕೆಳಗಾಗಿ ತೂಗುಹಾಕಿದ್ದರು. ಭಾಗಗಳ ಹೆಸರೆಲ್ಲ ಮಾಸಿಹೋಗಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ನಾನು ಅಲ್ಲಿಗೆ ಹೋದ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು, ಸಿಡುಕಿನ ಮನುಷ್ಯ, ಒಂದೊಂದೇ ಚಿತ್ರ ನೋಡುತ್ತ ಮುಖ ಗಂಟಿಕ್ಕಿದರು. ಇಡೀ ತರಗತಿಯ ಆಕ್ಟೋಪಸ್ಸುಗಳು ಕೈಗಳನ್ನು ಮೇಲೆತ್ತಿ ಮರದ ಹಾಗೆ ನಿಂತಿದ್ದವು. ಇದೇನು ಆಲದ ಮರವೇ ಎಂದು ಅವರು ಕೇಳಿದರು. ಕೊಡ್ಲಿ ಎಂಬ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು, “ನಾವು ಸಮುದ್ರ ನೋಡಿಲ್ರಿ ಸರ್. ಪಟ ಹ್ಯಾಂಗ ತೂಗಿತ್ತೋ ಹಂಗ ತಗದೀವಿ” ಎಂದಳು. ಅವರು ಪಟದ ಕಡೆ ತಿರುಗಿ ನೋಡಿದರು, ಆಮೇಲೆ ಸುಮ್ಮನೆ ಅಂಕ ಹಾಕಿದರು. ಅಂದಿನಿಂದ ಯಾವ ಕಾಲೇಜಿಗೆ ಹೋದರೂ ನಾನು ಮೊದಲು ಪಟಗಳ ಮೇಲು ಕೆಳಗು ನೋಡುತ್ತಿದ್ದೆ. ನೀವೂ ನೋಡಿ.

ಆಗೆಲ್ಲ ಕಪ್ಪೆ ಕೊಯ್ಯುವ ಕಾಲ. ಕ್ಲೋರೊಫಾರ್ಮ್ ಕಡಿಮೆ ಬಿದ್ದು ಕಪ್ಪೆ ಮೇಜಿನ ಮೇಲೆ ಎದ್ದೀತು ಎಂದು ನನಗೆ ಹಿಂದಿನ ದಿನದಿಂದಲೇ ಊಟ ಸೇರುತ್ತಿರಲಿಲ್ಲ. ಆಮೇಲೆ ಕೊಯ್ಯುವುದು ನಿಂತಿತು, ಮಾದರಿಗಳು ಬಂದವು, ಕಂಪ್ಯೂಟರಿನಲ್ಲಿ ಕಪ್ಪೆ ಬಂತು. ಕೈ ಪಳಗುವುದಿಲ್ಲ ಎಂದು ಹಿರಿಯರು ಗೊಣಗಿದರು. ನನಗಂತೂ ಜೀವದಲ್ಲಿ ಜೀವ ಬಂದಿತ್ತು. ಆದರೆ ಒಂದು ಮಾತು ಒಪ್ಪುತ್ತೇನೆ. ಜೀವ ಇರುವುದನ್ನು ಕೈಯಲ್ಲಿ ಹಿಡಿದಾಗ ಬರುವ ಅಂಜಿಕೆ ಕಂಪ್ಯೂಟರಿನಲ್ಲಿ ಬರುವುದಿಲ್ಲ. ಆ ಅಂಜಿಕೆಯೂ ಒಂದು ಪಾಠ.

ಚಿತ್ತಾಪುರದಲ್ಲಿ ನಾನು ಪಟವನ್ನು ಬದಿಗಿಟ್ಟು ಬಸವನಹುಳುವಿನಿಂದ ಪಾಠ ಶುರು ಮಾಡುತ್ತಿದ್ದೆ. ಹೊಲದ ಬದುವಿನ ಬಸವನಹುಳು ಮತ್ತು ಸಮುದ್ರದ ಆಕ್ಟೋಪಸ್ ಒಂದೇ ಮನೆತನದವು. ಒಂದು ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ, ಇನ್ನೊಂದು ಮನೆಯ ಹಂಗನ್ನೇ ಬಿಟ್ಟಿದೆ. ಅದಕ್ಕೆ ಮೂಳೆಯಿಲ್ಲ, ಚಿಪ್ಪಿಲ್ಲ. ಮೈಯಲ್ಲಿ ಗಟ್ಟಿ ಎನ್ನುವುದು ಗಿಳಿಯ ಕೊಕ್ಕಿನಂಥ ಬಾಯಿ ಮಾತ್ರ. ಆ ಕೊಕ್ಕು ತೂರುವಷ್ಟು ಸಂದಿ ಸಿಕ್ಕರೆ ಸಾಕು, ಇಡೀ ಮೈ ಹೊರಬರುತ್ತದೆ. ಮೂರು ಹೃದಯ. ರಕ್ತದಲ್ಲಿ ನಮ್ಮ ಹಾಗೆ ಕಬ್ಬಿಣವಿಲ್ಲ, ತಾಮ್ರ ಇದೆ, ಆದ್ದರಿಂದ ರಕ್ತ ನೀಲಿ. ನಾವೆಲ್ಲ ತಲೆ ಎಂದುಕೊಳ್ಳುವ ಬುರುಡೆ ನಿಜಕ್ಕೂ ಅದರ ಹೊಟ್ಟೆ. ಕೈಗಳು ಹುಟ್ಟುವುದು ತಲೆಯಿಂದ. ನರಗಳಲ್ಲಿ ಹೆಚ್ಚಿನ ಪಾಲು ಆ ಕೈಗಳಲ್ಲೇ ಇರುವುದರಿಂದ ಕೈ ತಾನೇ ಹುಡುಕುತ್ತದೆ, ತಾನೇ ರುಚಿ ನೋಡುತ್ತದೆ. ಇಷ್ಟನ್ನು ನಾನು ಹೇಳಿ ಮುಗಿಸಿದಾಗ ನಸ್ರೀನ್ ಎಂಬ ಹುಡುಗಿ, ಮನೆ ಇಲ್ಲದಿದ್ದರೆ ಅದಕ್ಕೆ ಅಂಜಿಕೆ ಆಗುವುದಿಲ್ಲವೇ ಎಂದು ಕೇಳಿದಳು. ಅಂಜಿಕೆ ಆಗುವುದರಿಂದಲೇ ಅದಕ್ಕೆ ಅಷ್ಟು ಬುದ್ಧಿ ಎಂದೆ. ತರಗತಿ ನಕ್ಕಿತು, ನಾನು ನನ್ನ ಬಗ್ಗೆಯೇ ಹೇಳಿಕೊಂಡೆ ಎಂದು. ನಸ್ರೀನ್ ನಗಲಿಲ್ಲ. ಮುಂದೆ ಅವಳು ಕರಾವಳಿಗೆ ಹೋಗಿ ಕಡಲಜೀವಿಗಳನ್ನೇ ಓದಿದಳು.

ನಾನು ಶಹಾಬಾದಿನಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಮಳೆಗಾಲ. ಕಾಗಿಣಾ ತುಂಬಿ, ಚಿತ್ತಾಪುರ ಮತ್ತು ಸೇಡಂ ನಡುವೆ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ, ಹೈದರಾಬಾದಿಗೆ ಹೋಗುವ ರೈಲುಗಳನ್ನು ನಮ್ಮ ಪಕ್ಕದ ವಾಡಿ ಜಂಕ್ಷನ್ನಿನಲ್ಲೇ ನಿಲ್ಲಿಸಿದರು. ಬೆಳಿಗ್ಗೆ ನಸ್ರೀನ್ ಫೋನ್ ಮಾಡಿದಳು. ಅವಳು ವಾಡಿ ಸ್ಟೇಷನ್ನಿನಲ್ಲಿದ್ದಳು. ಜೊತೆಯಲ್ಲಿ ಒಂದು ಥರ್ಮೊಕೋಲ್ ಪೆಟ್ಟಿಗೆ, ಅದರೊಳಗೆ ಜೀವಂತ ಆಕ್ಟೋಪಸ್.

“ಪೆಟ್ಟಿಗ್ಯಾಗ ಭಾಳ ಹೊತ್ತು ತಡೆಯಂಗಿಲ್ರಿ ಮೇಡಂ. ನಿಮ್ ಲ್ಯಾಬ್‌ನ್ಯಾಗ ದೊಡ್ಡ ಗಾಜಿನ ತೊಟ್ಟಿ ಅದೇನ್ರಿ?”

ಇತ್ತು. ಬಣ್ಣದ ಮೀನು ಸತ್ತು ಖಾಲಿಯಾಗಿದ್ದ ತೊಟ್ಟಿ. ನಾನು ಹೂಂ ಎಂದೆ, ಎಂದ ಮೇಲೆ ಫಿಕರ್ ಶುರುವಾಯಿತು. ಕಡಲಿಲ್ಲದ ಊರಲ್ಲಿ ಕಡಲ ಜೀವ! ಅವಳು ಜೀಪಿನಲ್ಲಿ ಬರುತ್ತ ಫೋನಿನಲ್ಲಿ ಎಲ್ಲ ಹೇಳಿದಳು. ಇದು ಹೆಣ್ಣು, ಗಂಡಿನ ಜೊತೆ ಕೂಡಿದೆ, ಇನ್ನು ಮೊಟ್ಟೆ ಇಡಬೇಕು. ಮೊಟ್ಟೆ ಇಟ್ಟ ತಾಯಿ ಹೇಗೆ ಕಾಯುತ್ತದೆ ಎನ್ನುವುದೇ ಅವಳ ಸಂಶೋಧನೆ. ಹೈದರಾಬಾದಿನ ಪ್ರಯೋಗಾಲಯದಲ್ಲಿ ಕ್ಯಾಮೆರಾ, ತೊಟ್ಟಿ ಎಲ್ಲ ಸಿದ್ಧವಾಗಿದ್ದವು. ಕರಾವಳಿಯಿಂದ ಒಬ್ಬಳೇ ರೈಲಿನಲ್ಲಿ ತರುತ್ತೇನೆ ಎಂದಾಗ ಅವಳ ಮಾರ್ಗದರ್ಶಕರು ಒಪ್ಪಿರಲಿಲ್ಲ. ಹಟ ಮಾಡಿದ್ದಕ್ಕೆ, ಜೀವಂತ ತಂದರೆ ಈ ಕೆಲಸ ನಿನ್ನದು, ಸತ್ತರೆ ಬೇರೆಯವರಿಗೆ ಎಂದಿದ್ದರು. ಅವಳು ಎರಡು ವರ್ಷ ಕಾದಿದ್ದು ಇದಕ್ಕೆ.

ನಮ್ಮ ಪ್ರಿನ್ಸಿಪಾಲರು ಕೆಟ್ಟವರಲ್ಲ, ಆದರೆ ಅವರಿಗೆ ಯಾವ ಕೆಲಸದಲ್ಲೂ ಮೊದಲು ಕಾಣುವುದು ಮುಂದೆ ಬರಬಹುದಾದ ವಿಚಾರಣೆ. ಯಾರ ಅನುಮತಿ, ಯಾರ ಹೊಣೆ, ಕಚ್ಚಿದರೆ ಏನು ಎಂದು ಕೇಳುತ್ತಲೇ ಲ್ಯಾಬಿನ ತನಕ ಬಂದರು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಂದು ಬಣ್ಣದ ಒಂದು ಕೈ ಮೆಲ್ಲನೆ ಅಂಚಿಗೆ ಬಂದು, ಬಿಲ್ಲೆಬಿಲ್ಲೆಯಾದ ಹೀರುಬಟ್ಟಲುಗಳಿಂದ ಥರ್ಮೊಕೋಲನ್ನು ಮುಟ್ಟಿ ನೋಡಿತು. ಪ್ರಿನ್ಸಿಪಾಲರು ಎರಡು ಹೆಜ್ಜೆ ಹಿಂದೆ ಸರಿದು, ಸತ್ತರೆ ನಮ್ಮ ಮ್ಯೂಸಿಯಂಗೆ ಇಟ್ಟುಕೊಳ್ಳಬಹುದಲ್ಲ, ದೊಡ್ಡ ಜಾಡಿ ಇದೆಯೇ ಎಂದು ಅಟೆಂಡರ್ ಭೀಮಶಾನನ್ನು ಕೇಳಿದರು. ನಸ್ರೀನ್ ಕೇಳಿಸಿಕೊಳ್ಳದವಳಂತೆ ಕೆಲಸ ಮುಂದುವರಿಸಿದಳು. ಅವಳ ಕಿವಿ ಕೆಂಪಾಗಿದ್ದವು.

ಪೆಟ್ಟಿಗೆಯ ನೀರು ಸಾಲದು. ಅವಳ ಬಳಿ ಸಮುದ್ರದ ನೀರು ತಯಾರಿಸುವ ಉಪ್ಪಿನ ಪುಡಿ ಇತ್ತು. ಅಂಗಡಿಯಿಂದ ಫಿಲ್ಟರ್ ನೀರಿನ ಕ್ಯಾನುಗಳನ್ನು ತರಿಸಿ ಅರ್ಧ ಪುಡಿಯನ್ನು ಕರಗಿಸಿ ತೊಟ್ಟಿಗೆ ತುಂಬಿದೆವು. ಅಡಗಲು ಒಂದು ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿದೆವು. ಆಕ್ಟೋಪಸ್ಸನ್ನು ತೊಟ್ಟಿಗೆ ಬಿಟ್ಟದ್ದೇ ತಡ, ಅವಳು ಕಣ್ಣು ಮಿಟುಕಿಸುವುದರಲ್ಲಿ ಮಡಕೆಯೊಳಗೆ ಹೊಕ್ಕು, ಮಡಕೆಯದೇ ಬಣ್ಣ ತಾಳಿ ಮಾಯವಾದಳು. ಹೌದು, ಅಷ್ಟು ಹೊತ್ತಿಗೆ ನಾನು ‘ಅದು’ ಎನ್ನುವುದನ್ನು ಬಿಟ್ಟಿದ್ದೆ.

ಮುಚ್ಚಳಕ್ಕೆ ಮಾತ್ರ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಶಹಾಬಾದಿನಲ್ಲಿ ಫರ್ಸಿ ಕಲ್ಲಿಗೆ ಬರವೇ? ಭೀಮಶಾ ಒಂದು ಚಪ್ಪಡಿ ಹೊತ್ತು ತಂದು ಮುಚ್ಚಿದ. ಗಾಳಿಯ ನಳಿಗೆ ಹೋಗಲು ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಬಿಟ್ಟಿದ್ದೆವು. ನಾನು ಆ ಸಂದಿಯನ್ನೇ ನೋಡುತ್ತ ಕುಳಿತೆ. ಊಟದ ಹೊತ್ತಿಗೆ ಅಲ್ಲಿಂದ ಒಂದು ಕೈಯ ತುದಿ ಹೊರಬಂದು, ನಳಿಗೆಯನ್ನು ಸವರಿ, ಕಲ್ಲನ್ನು ಸವರಿ, ಕೊನೆಗೆ ನನ್ನ ಬೆರಳಿಗೆ ಅಂಟಿತು. ತಣ್ಣಗಿತ್ತು. ಬಿಡಿಸಿಕೊಳ್ಳಲು ಹೋದರೆ ಇನ್ನಷ್ಟು ಹಿಡಿಯಿತು, ಸುಮ್ಮನಿದ್ದರೆ ಒಂದೊಂದೇ ಬಟ್ಟಲನ್ನು ಬಿಡಿಸಿಕೊಂಡು ಹೋಯಿತು. ಇನ್ನೊಮ್ಮೆ ಬರಲಿ ಎಂದು ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದೆ. ಸಂದಿಗೆ ಬಟ್ಟೆ ತುರುಕಿದ್ದು ಆಮೇಲೆ.

ಮರುದಿನವೂ ರೈಲಿಲ್ಲ. ಮಳೆಗಾಲವಾದ್ದರಿಂದ ಹೊಲದ ಏಡಿ ಸಿಗುತ್ತಿದ್ದವು. ಒಂದು ಬಿಟ್ಟರೆ ಆಕ್ಟೋಪಸ್ ಕ್ಷಣದಲ್ಲಿ ಹಿಡಿದು, ಚಿಪ್ಪನ್ನು ಮಾತ್ರ ಮಡಕೆಯ ಬಾಯಿಗೆ ತಂದಿಡುತ್ತಿದ್ದಳು. ತಿಂದಷ್ಟೂ ನೀರು ಕೆಡುತ್ತದೆ. ನೀರು ಬದಲಿಸಲೇಬೇಕು ಎಂದಳು ನಸ್ರೀನ್. ಉಳಿದ ಪುಡಿಯನ್ನೆಲ್ಲ ಒಂದೇ ಪಾತ್ರೆಯಲ್ಲಿ ಕಲಸಿ ಒಂದು ರಾತ್ರಿ ಗಾಳಿ ಹಾಯಿಸಬೇಕಿತ್ತು, ಅಷ್ಟು ದೊಡ್ಡ ಪಾತ್ರೆ ನಮ್ಮಲ್ಲಿರಲಿಲ್ಲ. ಕಾಲೇಜಿನ ಡ್ರಮ್ಮುಗಳೆಲ್ಲ ಫಿನಾಯಿಲ್ ವಾಸನೆ. ಆಗ ಅವಳಿಗೆ ನೆನಪಾದದ್ದು ಮೆಹಬೂಬ್ ಮಾಮು. ಅವಳ ತಾಯಿಯ ಅಣ್ಣ, ಶಹಾಬಾದಿನಲ್ಲೇ ಇದ್ದರು. ಸುತ್ತಲಿನ ಊರುಗಳ ಮದುವೆಗಳಿಗೆ ಬಿರ್ಯಾನಿ ಮಾಡುವ ಬಾವರ್ಚಿ.

ಮಾಮು ಮಧ್ಯಾಹ್ನವೇ ಟಂಟಂ ಗಾಡಿಯಲ್ಲಿ ಬಿರ್ಯಾನಿಯ ದೊಡ್ಡ ದೇಗನ್ನು ತಂದಿಳಿಸಿದರು. “ಪಾಕ್ ಸಾಫ್ ಮಾಡಿ ತಂದೀನ್ರಿ ಮೇಡಂ. ಹುಣಸಿಹಣ್ಣು ಹಚ್ಚಿ ನಾನೇ ತಿಕ್ಕೀನಿ, ಎಣ್ಣಿ ವಾಸನಿ ಒಂದಿಷ್ಟೂ ಇಲ್ಲ” ಎಂದರು. ದೇಗು ಫಳಫಳ ಹೊಳೆಯುತ್ತಿತ್ತು. ನಮಗೆಲ್ಲ ಖುಷಿ. ಭೀಮಶಾ ನೀರು ಸುರಿದ, ನಸ್ರೀನ್ ಪುಡಿ ಕಲಸಿದಳು, ಗಾಳಿಯ ಪಂಪು ಹಚ್ಚಿದೆವು. ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ತೊಟ್ಟಿಯ ಹಳೆಯ ನೀರನ್ನು ಅರ್ಧಕ್ಕಿಂತ ಹೆಚ್ಚು ತೆಗೆದು ಕ್ಯಾನುಗಳಿಗೆ ತುಂಬಿದೆವು. ಭೀಮಶಾ ಚೆಲ್ಲಲು ಹೊರಟಾಗ ಇರಲಿ ಬಿಡು ಎಂದೆ. ಕೊಳಕು ನೀರು ಯಾಕೆ ಬೇಕು ಎಂದು ಅವನು ನಕ್ಕ. ಯಾಕೆಂದು ನನಗೂ ಗೊತ್ತಿರಲಿಲ್ಲ. ಚೆಲ್ಲಿದ್ದು ಮತ್ತೆ ಬರುವುದಿಲ್ಲ ಎನ್ನುವ ನನ್ನ ಹಳೆಯ ರೋಗ, ಅಷ್ಟೆ. ನಸ್ರೀನ್ ದೇಗಿನಿಂದ ಒಂದು ಬಕೆಟ್ ತಂದು ಮೆಲ್ಲನೆ ತೊಟ್ಟಿಗೆ ಹೊಯ್ದಳು. ಎರಡನೆಯದನ್ನು ನಾನು ತುಂಬಲು ಹೋದೆ. ನೀರು ಇಳಿದ ಜಾಗದಲ್ಲಿ ದೇಗಿನ ಒಳಮೈ ಕಂಡಿತು. ಬೆಳ್ಳಗಿರಬೇಕಾದ ಒಳಮೈ ಕೆಂಪಗಿತ್ತು.

ತಾಮ್ರದ ದೇಗಿಗೆ ಒಳಗೆ ಕಲಾಯಿ, ಅಂದರೆ ತವರದ ಬಿಳಿ ಲೇಪ, ಇರುತ್ತದೆ. ಹಳೆಯ ಕಲಾಯಿ ತೆಳುವಾಗಿತ್ತು, ಮರ್ಯಾದೆಯ ಅತಿಥಿಗೆಂದು ಮಾಮು ಹುಣಸೆಹಣ್ಣಿನಿಂದ ತಿಕ್ಕಿದ ರಭಸಕ್ಕೆ ಉಳಿದದ್ದೂ ಹೋಗಿತ್ತು. ಉಪ್ಪುನೀರು ಅರ್ಧ ಹಗಲು, ಇಡೀ ರಾತ್ರಿ ಬರಿಯ ತಾಮ್ರದಲ್ಲಿ ನಿಂತಿತ್ತು. ಆಕ್ಟೋಪಸ್ಸಿನ ರಕ್ತದಲ್ಲಿ ತಾಮ್ರ ಇದೆ ಎಂದು ನಾನು ವರ್ಷವರ್ಷವೂ ಹೇಳಿದವಳು. ಅದೇ ತಾಮ್ರ ನೀರಿನಲ್ಲಿ ಕರಗಿದ್ದರೆ ಅದಕ್ಕೆ ವಿಷ ಎನ್ನುವುದು ನಸ್ರೀನಳಿಗೆ ಚೆನ್ನಾಗಿ ಗೊತ್ತು. ಇಬ್ಬರ ವಿದ್ಯೆಯೂ ಪುಸ್ತಕದ ಬದನೆಕಾಯಿಯಾಯಿತು. ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೆಯದು ಎಂದು ನಂಬಿ ಬೆಳೆದ ನಮಗೆ ಯಾರಿಗೂ ಆ ಹೊಳೆಯುವ ಪಾತ್ರೆ ಕಂಡಾಗ ಅಂಜಿಕೆ ಬರಲೇ ಇಲ್ಲ.

“ನಸ್ರೀನ್, ಕಲಾಯಿ ಇಲ್ಲ” ಎಂದೆ.

ಅವಳು ಬಕೆಟ್ ಕೈಬಿಟ್ಟು ತೊಟ್ಟಿಯ ಕಡೆ ತಿರುಗಿದಳು. ಆಕ್ಟೋಪಸ್ ಮಡಕೆಯಿಂದ ಹೊರಬಂದಿದ್ದಳು. ಕಂದು ಹೋಗಿ ಬಿಳಚಿಕೊಂಡಿದ್ದಳು, ಉಸಿರಾಟ ಕಣ್ಣಿಗೆ ಕಾಣುವಷ್ಟು ಜೋರಾಗಿತ್ತು. ಗಾಜಿನ ಮೂಲೆಗೆ ಹತ್ತಿ ಹೊರಬೀಳಲು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕಪ್ಪು ಮಸಿ ಬಿಟ್ಟಳು, ತೊಟ್ಟಿಯೆಲ್ಲ ಕತ್ತಲಾಯಿತು. ಹೊಸ ನೀರು ಮಾಡಲು ಪುಡಿ ಒಂದು ಚಿಟಿಕೆಯೂ ಉಳಿದಿರಲಿಲ್ಲ. ನಸ್ರೀನ್ ತೊಟ್ಟಿಗೆ ಕೈ ಹಾಕಿ, ಮಸಿಯಲ್ಲಿ ತಡಕಾಡುತ್ತ, “ನೀರು ಎಲ್ಲಿಂದ ತರ್ಲಿರಿ ಮೇಡಂ, ಇನ್ನ ನೀರು ಎಲ್ಲಿಂದ ತರ್ಲಿ” ಎಂದು ಒಂದೇ ಮಾತನ್ನು ಹೇಳುತ್ತಿದ್ದಳು.

ಕ್ಯಾನುಗಳಲ್ಲಿ ಆ ಕೊಳಕು ನೀರು ಇತ್ತು. ಭೀಮಶಾ ಓಡಿ ತಂದ ಬಟ್ಟೆ ಒಗೆಯುವ ಪ್ಲಾಸ್ಟಿಕ್ ಟಬ್ಬಿಗೆ ಅದನ್ನು ಹಿಡಿದಷ್ಟು ಸುರಿದು, ಗಾಳಿಯ ನಳಿಗೆ ಬಿಟ್ಟು, ನೀರಿನ ಕೊಳೆ ಹೀರಲು ನಸ್ರೀನ್ ತಂದಿದ್ದ ಇದ್ದಿಲಿನ ಚೀಲವನ್ನು ಇಳಿಬಿಟ್ಟೆವು. ಅವಳು ಎರಡೂ ಕೈಗಳಿಂದ ಎತ್ತಿ ತಂದಾಗ ಆಕ್ಟೋಪಸ್ಸಿನ ಕೈಗಳು ಜೋತುಬಿದ್ದಿದ್ದವು, ಯಾವುದನ್ನೂ ಹಿಡಿಯುತ್ತಿರಲಿಲ್ಲ. ಮಡಕೆಯನ್ನೂ ತೊಳೆದು ಟಬ್ಬಿನಲ್ಲಿಟ್ಟೆವು. ಮೇಲೆ ಮತ್ತೆ ಫರ್ಸಿ. ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಅದು ಎಲ್ಲಕ್ಕಿಂತ ಕೆಟ್ಟದ್ದು.

ಸುದ್ದಿ ಕೇಳಿ ಮಾಮು ಓಡಿಬಂದರು. ಲ್ಯಾಬಿನ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಕಲಾಯಿ ಮಾಡುವವರು ಈಗ ಊರಿಗೆ ಬರುವುದೇ ಇಲ್ಲ, ಇದೊಂದು ದೇಗನ್ನು ಮಾಡಿಸಬೇಕೆಂದು ಹೇಳುತ್ತಲೇ ಇದ್ದೆ ಎಂದು ಯಾರಿಗೂ ಅಲ್ಲದಂತೆ ಹೇಳಿಕೊಂಡರು. ನಸ್ರೀನ್ ಹೋಗಿ ಅವರ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಪ್ರಿನ್ಸಿಪಾಲರು ಎರಡು ಸಲ ಬಂದು ಇಣುಕಿದರು. ಎರಡನೆಯ ಸಲ ಜಾಡಿಯ ಮಾತು ಎತ್ತದೆ ಎಲ್ಲರಿಗೂ ಚಹಾ ಕಳಿಸಿದರು. ಆ ಚಹಾಕ್ಕೆ ಅವರ ಎಷ್ಟೋ ತಪ್ಪುಗಳನ್ನು ನಾನು ಮನ್ನಿಸಿದ್ದೇನೆ.

ಸಂಜೆಯ ಹೊತ್ತಿಗೆ ನಸ್ರೀನ್ ಕಲ್ಲನ್ನು ಸ್ವಲ್ಪ ಸರಿಸಿ ನೋಡಿ, “ಮಡಕಿ ಒಳಗ ಹೋಗ್ಯಾಳ್ರಿ” ಎಂದಳು. ಬಣ್ಣ ಮರಳಿತ್ತು. ನಾನು ಅತ್ತುಬಿಟ್ಟೆ, ಭೀಮಶಾನ ಎದುರಿಗೇ.

ಆದರೆ ಮರುದಿನ ಏಡಿ ಬಿಟ್ಟರೆ ಮುಟ್ಟಲಿಲ್ಲ. ಏಡಿ ಮಡಕೆಯ ಬಾಯಿಗೆ ಹೋದರೆ ಒಂದು ಕೈ ಬಂದು ಅದನ್ನು ದೂರ ತಳ್ಳಿತು. ಅದರ ಮರುದಿನವೂ ಹಾಗೇ. ವಿಷ ಒಳಗೆ ಕೆಲಸ ಮಾಡುತ್ತಿದೆ ಎಂದುಕೊಂಡೆ. ನಸ್ರೀನ್ ಮಾರ್ಗದರ್ಶಕರ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಕೊನೆಗೆ ಅವಳು ಮೊಬೈಲಿನ ಬೆಳಕನ್ನು ಕೆಂಪು ಕಾಗದದಲ್ಲಿ ಮಂದಮಾಡಿ ಮಡಕೆಯೊಳಗೆ ಬಿಟ್ಟು ನೋಡಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ನನ್ನ ಸೆರಗು ಹಿಡಿದು ಎಳೆದು, ನೀವು ನೋಡಿರಿ ಎಂದಳು. ಮಡಕೆಯ ಒಳಗಿನ ಮೇಲ್ಭಾಗದಿಂದ ಮಲ್ಲಿಗೆ ಮೊಗ್ಗಿನ ಸಣ್ಣ ಸಣ್ಣ ದಂಡೆಗಳು ಇಳಿಬಿದ್ದಿದ್ದವು. ಮೊಟ್ಟೆಗಳು. ತಾಯಿ ಒಂದೊಂದನ್ನೂ ಕೈತುದಿಯಿಂದ ಸವರಿ, ಅದಕ್ಕೆ ನೀರು ಊದುತ್ತಿದ್ದಳು. ಮೊಟ್ಟೆ ಇಟ್ಟ ಆಕ್ಟೋಪಸ್ ತಿನ್ನುವುದಿಲ್ಲ ಎಂದು ನಾನೇ ಪಾಠ ಮಾಡಿದ್ದೆ. ಕಣ್ಣೆದುರು ಬಂದಾಗ ಅದು ನನಗೆ ನೆನಪಾಗಲೇ ಇಲ್ಲ.

ಅದೇ ದಿನ ಹಳಿ ಸರಿಯಾಯಿತು. ಈಗ ಹೊಸ ಚಿಂತೆ. ಕುಲುಕಾಟಕ್ಕೆ ಹೆದರಿದರೆ ತಾಯಿ ಮೊಟ್ಟೆಗಳನ್ನು ಬಿಟ್ಟುಬಿಡಬಹುದು, ತಿಂದೂಬಿಡಬಹುದು. ಇಲ್ಲೇ ಇಟ್ಟರೆ ಈ ಕೊಳಕು ನೀರಿನಲ್ಲಿ ಎಲ್ಲರೂ ಸಾಯುವುದು ಖಂಡಿತ. ನಸ್ರೀನ್ ನನ್ನ ಮುಖ ನೋಡಿದಳು. ನಾನು, ಸದಾ ‘ತಡೀರಿ, ಒಮ್ಮೆ ನೋಡೋಣ’ ಎನ್ನುವವಳು, “ನಡಿ, ಹೋಗೂಣು” ಎಂದೆ. ಮಡಕೆಯ ಸಮೇತ ಅದೇ ನೀರಿನಲ್ಲಿ ಪೆಟ್ಟಿಗೆಗೆ ಇಳಿಸಿ, ಅಲುಗದಂತೆ ಸುತ್ತ ಬಟ್ಟೆ ತುಂಬಿ, ಕತ್ತಲು ಮಾಡಿ ಮುಚ್ಚಿದೆವು. ವಾಡಿಯಿಂದ ಸೇಡಂ ತನಕ ನಾನೂ ಹೋದೆ. ಪೆಟ್ಟಿಗೆಯ ಒಂದು ಬದಿ ಅವಳ ತೊಡೆಯ ಮೇಲೆ, ಇನ್ನೊಂದು ಬದಿ ನನ್ನ ತೊಡೆಯ ಮೇಲೆ. ರಿಪೇರಿಯಾದ ಹಳಿಯ ಮೇಲೆ ರೈಲು ಇರುವೆಯಂತೆ ಹರಿಯಿತು, ಪ್ರಯಾಣಿಕರೆಲ್ಲ ಬೈಯುತ್ತಿದ್ದರು. ಇನ್ನೂ ನಿಧಾನ ಹೋಗಲಿ ಎಂದು ಬೇಡಿಕೊಂಡವರು ಆ ಬೋಗಿಯಲ್ಲಿ ನಾವಿಬ್ಬರೇ. ಸೇಡಮ್ಮಿನಲ್ಲಿ ಇಳಿದಾಗ ನನ್ನ ಕಾಲು ಜೋಮು ಹಿಡಿದು ನಿಲ್ಲಲಾಗಲಿಲ್ಲ.

ಮೊಟ್ಟೆಗಳು ಉಳಿದವು. ಸಂಶೋಧನೆ ನಸ್ರೀನಳದೇ ಆಯಿತು. ತಾಯಿ ಏನೂ ತಿನ್ನದೆ ಬಣ್ಣಗೆಟ್ಟು ಸೊರಗುತ್ತಿದ್ದಾಳೆ, ಆದರೂ ಸವರುವುದು ನಿಲ್ಲಿಸಿಲ್ಲ ಎಂದು ಆಗಾಗ ಫೋನಿನಲ್ಲಿ ಹೇಳುತ್ತಿದ್ದಳು. ನನಗೆ ತಾಮ್ರದ ಗುಮಾನಿ ಹೋಗಿರಲಿಲ್ಲ. ಕೇಳಿದಾಗಲೆಲ್ಲ, ಇದು ತಾಮ್ರವಲ್ಲ, ಇವರ ಬಾಳೇ ಹೀಗೆ, ಮರಿ ಹೊರಬಂದ ಮೇಲೆ ತಾಯಿ ಉಳಿಯುವುದಿಲ್ಲ ಎನ್ನುತ್ತಿದ್ದಳು. ಅಷ್ಟರಲ್ಲಿ ನನ್ನ ಸೇವೆ ಮುಗಿಯಿತು. ಶಾಲು ಹೊದಿಸಿದರು, ಲ್ಯಾಬಿನ ಬೀಗದ ಕೈ ಕೊಟ್ಟು ಬಂದೆ. ಮೊದಲ ಕೆಲವು ದಿನ ಬೆಳಿಗ್ಗೆ ಸಿದ್ಧಳಾಗಿ, ಎಲ್ಲಿಗೂ ಹೋಗುವುದಿಲ್ಲ ಎಂದು ಆಮೇಲೆ ನೆನಪಾಗುತ್ತಿತ್ತು.

ಹಾಗೆ ಸಿದ್ಧಳಾಗಿ ಕುಳಿತ ಒಂದು ಬೆಳಿಗ್ಗೆ ನಸ್ರೀನಳ ಫೋನ್ ಬಂತು. ಮರಿಗಳೆಲ್ಲ ಹೊರಬಂದಿದ್ದವು, ಅಕ್ಕಿಕಾಳಿಗಿಂತ ಸಣ್ಣವು. ಅವನ್ನೆಲ್ಲ ಬೇರೆ ತೊಟ್ಟಿಗೆ ಸಾಗಿಸಿ ಆಗಿತ್ತು. ಸಂತೋಷದ ಸುದ್ದಿಯನ್ನು ಅವಳು ಅಳುತ್ತ ಹೇಳುತ್ತಿದ್ದಳು.

“ಮಡಕಿ ಖಾಲಿ ಅದರಿ ಮೇಡಂ. ಆಕಿ ಇನ್ನೂ ಒಳಗ ಕುಂತು ನೀರು ಊದಾಕತ್ತಾಳ. ಎಲ್ಲಾ ಮುಗೀತು ಅಂತ ಆಕಿಗಿ ಹ್ಯಾಂಗ ಹೇಳೂದ್ರಿ?”

ನಾನು ಹೇಳಿದೆ.

“ಹೇಳಬ್ಯಾಡವ್ವ. ಬಾಜೂಕ ಕುಂದ್ರು.”